ಒಂಟಿ ಕಾಲಲ್ಲಿ ನಿಲ್ಲುತ್ತಿದ್ದ ಅಂಪೈರ್ ಊರಿನಲ್ಲಿ

ಸ್ಕೋರ್‌ಬೋರ್ಡ್ ಮೇಲೆ 111 ಬಂದ ತಕ್ಷಣ ನನ್ನ ಪಕ್ಕ ಬೆಂಚಿನಲ್ಲಿ ಕೂತಿದ್ದ ಅಜ್ಜ ಎರಡೂ ಕಾಲನ್ನು ನೆಲದಿಂದ ಮೇಲೆತ್ತಿದರು. ವಯಸ್ಸು ಎಂಬತ್ತು ದಾಟಿದೆ, ಮಂಡಿನೋವು ಬೇರೆ. ಕೆಳಗೆ ಇರುವೆ ಗೂಡೇನಾದರೂ ಇದೆಯಾ ಎಂದು ನಾನು ಬಗ್ಗಿ ನೋಡಿದೆ. "ನೀನೂ ಎತ್ತಪ್ಪ, ಇಲ್ಲದಿದ್ರೆ ವಿಕೆಟ್ ಹೋಗುತ್ತೆ" ಎಂದರು. ಎತ್ತಿದೆ. ಮುಂದಿನ ಚೆಂಡಿಗೆ ಒಂದು ರನ್ ಬಂತು. ಇಬ್ಬರೂ ಕಾಲು ಇಳಿಸಿದೆವು.

ಇದು ಇಂಗ್ಲೆಂಡಿನ ನಾರ್ತ್ ಡೆವನ್. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹಿಂದೆಯೇ ಬಂದೆ. ಸಮುದ್ರ, ಹಸು, ಮಳೆ, ಸಂಜೆ ಐದಕ್ಕೆ ಬಾಗಿಲು ಹಾಕುವ ಅಂಗಡಿಗಳು. ಮೊದಲ ವರ್ಷ ಮಾತಾಡಲು ಯಾರೂ ಸಿಗದೆ ಕ್ರಿಕೆಟ್ ನೋಡಲು ಹೋಗುತ್ತಿದ್ದೆ. ಅಜ್ಜ ಸಿಕ್ಕಿದ್ದು ಹಾಗೆ.

111ಕ್ಕೆ ಇಲ್ಲಿನವರು 'ನೆಲ್ಸನ್' ಎನ್ನುತ್ತಾರೆ. ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ಗೆ ಒಂದು ಕಣ್ಣು, ಒಂದು ಕೈ, ಒಂದು ಕಾಲು ಮಾತ್ರ ಇತ್ತು ಅನ್ನೋದು ಕಥೆ. ಕಾಲು ಎರಡೂ ನೆಟ್ಟಗೇ ಇದ್ದವು ಎಂದು ಚರಿತ್ರೆ ಹೇಳುತ್ತದೆ, ಆದರೆ ಅಪಶಕುನಕ್ಕೆ ಚರಿತ್ರೆ ಯಾಕೆ ಬೇಕು? ನನಗಂತೂ ಅದನ್ನು ನೋಡಿದರೆ ಕಾಣುವುದು ಮೂರು ನಾಮ. ರನ್ 111 ಆದಾಗ ಬ್ಯಾಟಿಂಗ್ ಮಾಡುವವರಿಗೆ ಮೂರು ನಾಮ ಬೀಳುತ್ತದೆ ಎಂದರೆ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ಹಳ್ಳಿ ನಂಬಿಕೆಯನ್ನು ಜಗತ್ತಿನ ದೊಡ್ಡ ಮೈದಾನಗಳಿಗೆಲ್ಲ ಹೊತ್ತುಕೊಂಡು ಹೋದವರು ಇದೇ ಸೀಮೆಯ ಅಂಪೈರ್ ಡೇವಿಡ್ ಶೆಪರ್ಡ್. ನಿಮಗೆ ನೆನಪಿರಬೇಕು. ದುಂಡು ಹೊಟ್ಟೆ, ಕೆಂಪು ಕೆನ್ನೆ. ಸ್ಕೋರ್ 111, 222 ಆದರೆ ಸಾಕು, ಅಷ್ಟು ದಪ್ಪ ಮನುಷ್ಯ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಿದ್ದರು. ಟಿವಿಯವರು ಅದನ್ನು ತೋರಿಸಲೆಂದೇ ಕಾದಿರುತ್ತಿದ್ದರು. ನಾವು ಹುಡುಗರಾಗಿದ್ದಾಗ ಅವರಿಗೆ ಕಾಲು ನೋವು ಎಂದುಕೊಂಡಿದ್ದೆವು.

ಅವರು ಹುಟ್ಟಿದ್ದು 1940ರಲ್ಲಿ, ಬಿಡೆಫರ್ಡ್‌ನಲ್ಲಿ. ಮನೆ ಇದ್ದದ್ದು ಪಕ್ಕದ ಇನ್‌ಸ್ಟೋ ಹಳ್ಳಿಯಲ್ಲಿ. ಮನೆಯವರು ಅಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದರು. ಒಂದಷ್ಟು ದಿನ ಮೇಷ್ಟ್ರಾಗಿದ್ದು, ಆಮೇಲೆ ಗ್ಲಾಸ್ಟರ್‌ಶೈರ್ ಕೌಂಟಿ ತಂಡಕ್ಕೆ ಸೇರಿದರು. 1965ರಲ್ಲಿ ಮೊದಲ ಪಂದ್ಯದಲ್ಲೇ ಶತಕ ಹೊಡೆದರೂ ಇಂಗ್ಲೆಂಡ್ ತಂಡದಲ್ಲಿ ಆಡಲಿಲ್ಲ. 1981ರಿಂದ ಅಂಪೈರ್‌ನ ಬಿಳಿ ಕೋಟು. 1985ರಲ್ಲಿ ಮೊದಲ ಟೆಸ್ಟ್. ಒಟ್ಟು 92 ಟೆಸ್ಟ್, 172 ಏಕದಿನ, ಮೂರು ವಿಶ್ವಕಪ್ ಫೈನಲ್: 1996, 1999, 2003. ಕೊನೆಯದು ಜೊಹಾನ್ಸ್‌ಬರ್ಗ್‌ನದು. ಶ್ರೀನಾಥ್ ಹತ್ತು ಓವರಿಗೆ 87 ರನ್ ಕೊಟ್ಟ ದಿನ, ಮರೆತೇನೆಂದರೂ ಮರೆಯಲಾರೆವು. ಅದೇ ಶ್ರೀನಾಥ್ ಮುಂದೆ ಮ್ಯಾಚ್ ರೆಫರಿಯಾಗಿ ಅಂಪೈರ್‌ಗಳ ಕೆಲಸ ತೂಗುವ ಕುರ್ಚಿಯಲ್ಲಿ ಕೂತರು.

ಇಷ್ಟೆಲ್ಲ ಊರು ಸುತ್ತಿದ ಮನುಷ್ಯ ಮತ್ತೆ ಬಂದು ಸೇರುತ್ತಿದ್ದದ್ದು ಇನ್‌ಸ್ಟೋಗೆ. ಅಲ್ಲಿನ ಮೈದಾನ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಹುಲ್ಲು ಹೊದಿಸಿದ ಪೆವಿಲಿಯನ್, ಮರಳು ದಿಬ್ಬ, ಅದರಾಚೆ ನದಿ ಸಮುದ್ರ ಸೇರುವ ಜಾಗ. ಆಚೆ ದಡದಲ್ಲಿ ಆಪಲ್‌ಡೋರ್‌ನ ಬಿಳಿ ಮನೆಗಳು. ಗಾಳಿಗೆ ಸ್ಟಂಪ್ ಮೇಲೆ ಬೇಲ್ಸ್ ನಿಲ್ಲುವುದೇ ಕಷ್ಟ.

ನಾನು ಅಂಪೈರ್ ಆದದ್ದು ಆಸೆಪಟ್ಟಲ್ಲ, ಆಟ ಬಾರದೆ. ಇಲ್ಲಿನ ಒಂದು ಸಣ್ಣ ಕ್ಲಬ್ಬಿನ ಮೂರನೇ ತಂಡಕ್ಕೆ ಸೇರಿಕೊಂಡಿದ್ದೆ. ಒಂಬತ್ತನೇ ಬ್ಯಾಟ್ಸ್‌ಮನ್. ಆ ಮಟ್ಟದಲ್ಲಿ ಬೇರೆ ಅಂಪೈರ್ ಬರುವುದಿಲ್ಲ, ಬ್ಯಾಟಿಂಗ್ ತಂಡದವರೇ ಸರದಿಯಂತೆ ನಿಲ್ಲಬೇಕು. ಒಂಬತ್ತನೆಯವನಿಗೆ ಹೇಗೂ ಕೆಲಸವಿಲ್ಲ, ಕೋಟು ಹಾಕಿ ಕಳಿಸಿದರು. ಯಾರದೋ ಹಳೇ ಕೋಟು, ನನ್ನ ಮೊಣಕಾಲು ಮುಟ್ಟುತ್ತಿತ್ತು.

ಎರಡನೇ ಓವರಿನಲ್ಲಿ ನಮ್ಮ ಕ್ಯಾಪ್ಟನ್ ಪ್ಯಾಡಿಗೆ ಚೆಂಡು ಬಡಿಯಿತು. ಹನ್ನೊಂದು ಜನ ಕೂಗಿದರು. ಲೆಗ್ ಸ್ಟಂಪಿನ ಹೊರಗೆ ಬಿದ್ದಿರಲಿಲ್ಲ, ಬ್ಯಾಟಿಗೆ ತಾಗಿರಲಿಲ್ಲ, ನೇರ ಮಧ್ಯದ ಸ್ಟಂಪಿಗೆ ಹೋಗುವ ಚೆಂಡು. ಔಟೇ. ಬೆರಳೆತ್ತಿದೆ. ಕ್ಯಾಪ್ಟನ್ ಒಂದು ಮಾತೂ ಆಡದೆ ನಡೆದರು. ಕಷ್ಟ ಏನೆಂದರೆ ಅವತ್ತು ನಾನು ಹೋಗಿದ್ದು ಅವರ ಕಾರಿನಲ್ಲಿ. ವಾಪಸ್ ಬರುವಾಗ ನಲವತ್ತು ನಿಮಿಷ ರೇಡಿಯೋ ಮಾತ್ರ ಮಾತಾಡಿತು. ಮನೆ ಮುಂದೆ ಇಳಿಸಿ, "ಅದು ಔಟೇ ಬಿಡು" ಎಂದು ಗೇರ್ ಹಾಕಿದರು. ನನಗೆ ಈ ದೇಶದಲ್ಲಿ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಆಮೇಲೆ ಚಳಿಗಾಲದಲ್ಲಿ ಅಂಪೈರಿಂಗ್ ಕೋರ್ಸ್ ಮಾಡಿದೆ. ಒಟ್ಟು 42 ನಿಯಮ. ಲಂಡನ್ನಿನ ಹಳೇ ಕ್ರಿಕೆಟ್ ಕ್ಲಬ್ ಎಂಸಿಸಿ ಬರೆದು ಕಾಯುತ್ತಿರುವ ಪುಸ್ತಕ. ಟಿವಿಯಲ್ಲಿ ಸಾವಿರ ಪಂದ್ಯ ನೋಡಿದ್ದೀನಿ, ಇದೇನು ಮಹಾ ಎಂದುಕೊಂಡಿದ್ದವನಿಗೆ ಮೊದಲ ದಿನವೇ ಗಾಳಿ ಇಳಿಯಿತು. ಹೆಂಡತಿ ಅಡುಗೆಮನೆಯಿಂದ ಕೇಳಿದಳು: "ಅಲ್ರೀ, ವಾರವೆಲ್ಲ ಆಫೀಸಲ್ಲಿ ಬೈಸಿಕೊಳ್ಳೋದು ಸಾಲದು ಅಂತ ಶನಿವಾರವೂ ಬೈಸಿಕೊಳ್ಳೋಕೆ ಹೋಗ್ತೀರಾ?"

ಹೊರಗಿನಿಂದ ನೋಡುವವರಿಗೆ ಅಂಪೈರ್ ಸುಮ್ನೆ ನಿಂತಿರುತ್ತಾನೆ. ಒಳಗೆ ಏನು ನಡೆಯುತ್ತದೆ ಕೇಳಿ. ಬೌಲರ್ ಓಡಿ ಬರುತ್ತಿದ್ದಾನೆ. ಕಣ್ಣು ಕ್ರೀಸಿನ ಗೆರೆ ಮೇಲಿರಬೇಕು. ಮುಂದಿನ ಪಾದದ ಹಿಮ್ಮಡಿ, ನೆಲದ ಮೇಲಿರಲಿ ಗಾಳಿಯಲ್ಲಿರಲಿ, ಒಂದಿಷ್ಟಾದರೂ ಗೆರೆಯ ಹಿಂದೆ ಇದೆಯಾ? ಇಲ್ಲದಿದ್ದರೆ ನೋಬಾಲ್. ನೋಡಿದೆವಾ, ತಕ್ಷಣ ತಲೆ ಎತ್ತಿ ಆ ತುದಿಗೆ ಕಣ್ಣು ಹಾಕಬೇಕು. ಗಂಟೆಗೆ 130 ಕಿಲೋಮೀಟರ್ ಹಾಕುವವನ ಚೆಂಡು ಬ್ಯಾಟ್ಸ್‌ಮನ್ ಹತ್ತಿರ ಹೋಗಲು ಹಿಡಿಯುವುದು ಅರ್ಧ ಸೆಕೆಂಡು. ಅಷ್ಟರಲ್ಲಿ ಎಲ್ಲಿ ಬಿತ್ತು, ಎಲ್ಲಿ ತಾಗಿತು, ಸದ್ದು ಬ್ಯಾಟಿನದೋ ಪ್ಯಾಡಿನದೋ, ಎಲ್ಲ ಹಿಡಿಯಬೇಕು. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 90 ಓವರ್. ಅಂದರೆ ಒಬ್ಬೊಬ್ಬ ಅಂಪೈರ್ ಹೀಗೆ 270 ಸಲ ಮಾಡಬೇಕು, ಉಳಿದ 270 ಚೆಂಡು ಬ್ಯಾಟ್ಸ್‌ಮನ್ ಪಕ್ಕಕ್ಕೆ, ಸ್ಕ್ವೇರ್ ಲೆಗ್‌ನಲ್ಲಿ ನಿಂತು ಕಾಯಬೇಕು. ಐದು ದಿನ. ನಮ್ಮ ಮೂರನೇ ತಂಡದ ಬೌಲರುಗಳು ಅಷ್ಟು ವೇಗವಾಗಿ ಹಾಕುವುದಿಲ್ಲ, ದೇವರು ದೊಡ್ಡವನು.

ಚೆಂಡು ಎಣಿಸುವುದು ಇನ್ನೊಂದು ತಲೆನೋವು. ನಾನು ಆರು ಪೆನ್ನಿ ನಾಣ್ಯ ಇಟ್ಟುಕೊಂಡು ಎಡಗಡೆ ಜೇಬಿಂದ ಬಲಗಡೆಗೆ ಹಾಕುತ್ತಿದ್ದೆ. ಒಂದು ದಿನ ಬೌಲರ್ "ಇನ್ನೂ ಎಷ್ಟಿದೆ ಅಂಪ್?" ಎಂದು ಸುಸ್ತಾಗಿ ಕೇಳಿದ. ನೋಡಿದರೆ ಬಲಗಡೆ ಜೇಬು ತೂತು. ಏಳು ಚೆಂಡಾಗಿತ್ತು. ಫ್ರಾಂಕ್ ಚೆಸ್ಟರ್ ಎಂಬ ಹಳೇ ಕಾಲದ ಅಂಪೈರ್ ಬೆಣಚುಕಲ್ಲು ಇಟ್ಟುಕೊಂಡು ಎಣಿಸುತ್ತಿದ್ದರಂತೆ, ಮೊದಲ ಮಹಾಯುದ್ಧದಲ್ಲಿ ಒಂದು ಕೈ ಕಳೆದುಕೊಂಡವರು. ಒಂದೇ ಕೈಯಲ್ಲಿ ಅವರು ತಪ್ಪದೆ ಎಣಿಸಿದರು. ನನಗೆ ಎರಡು ಕೈ ಇದ್ದು ಜೇಬು ತೂತು.

'ಅಂಪ್' ಎಂದೆನಲ್ಲ, ಅದೇ ಇಲ್ಲಿ ನನ್ನ ಹೆಸರು. ನಿಜವಾದ ಹೆಸರನ್ನು ಉಚ್ಚರಿಸಲು ಒದ್ದಾಡುವವರಿಗೂ ಇದು ಸಲೀಸು. ಏಪ್ರಿಲ್ ಚಳಿಯಲ್ಲಿ ಬೌಲರುಗಳು ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಡುತ್ತಾರೆ, ಸೊಂಟಕ್ಕೆ ಕಟ್ಟಿಕೊಂಡು ಬಟ್ಟೆ ಒಣಹಾಕಿದ ತಂತಿಯ ಹಾಗೆ ನಿಲ್ಲುತ್ತೇನೆ. ಟೀ ಸಮಯದಲ್ಲಿ ಸ್ಕೋನ್ ಎಂಬ ದುಂಡನೆ ಬನ್ ಕೊಡುತ್ತಾರೆ. ಡೆವನ್‌ನಲ್ಲಿ ಮೊದಲು ಕ್ರೀಮ್, ಅದರ ಮೇಲೆ ಜಾಮ್. ಪಕ್ಕದ ಕಾರ್ನ್‌ವಾಲ್‌ನಲ್ಲಿ ಉಲ್ಟಾ. ಈ ವಿಷಯದಲ್ಲಿ ತೀರ್ಪು ಕೊಡಲು ಮಾತ್ರ ಹೋಗಬೇಡ ಎಂದು ಅಜ್ಜ ಮೊದಲೇ ಹೇಳಿದ್ದರು.

ಕಳೆದ ವರ್ಷ ಒಂದು ಪಂದ್ಯದಲ್ಲಿ ಹದಿನೈದು ವರ್ಷದ ಹುಡುಗ ಚೆನ್ನಾಗಿ ಆಡುತ್ತಿದ್ದ. 46 ರನ್ ಆಗಿತ್ತು. ಎತ್ತಿ ಹೊಡೆದ, ಮಿಡ್‌ವಿಕೆಟ್‌ನಲ್ಲಿ ಕ್ಯಾಚ್. ಹೋದ. ಟೀ ಹೊತ್ತಿಗೆ ಅವನ ಅಪ್ಪ ಬಂದು ಏನೂ ಹೇಳದೆ ಫೋನ್ ಮುಂದೆ ಹಿಡಿದರು. ಬೌಂಡರಿ ಪಕ್ಕದಿಂದ ತೆಗೆದ ವಿಡಿಯೋ. ಬೌಲರ್‌ನ ಪಾದ ಗೆರೆಯಿಂದ ಒಂದು ಗೇಣು ಮುಂದೆ. ನೋಬಾಲ್. ಅಂದರೆ ಹುಡುಗ ಔಟೇ ಅಲ್ಲ. ನಾನು ನೋಡಿಲ್ಲ. ಕ್ಷಮೆ ಕೇಳಿದೆ. ಆ ಸ್ಕೋನ್ ಗಂಟಲಲ್ಲಿ ಇಳಿಯಲಿಲ್ಲ.

ಆ ರಾತ್ರಿ ಶೆಪರ್ಡ್ ನೆನಪಾದರು. 2001ರಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟ್. ಕೊನೆಯ ದಿನ ಪಾಕಿಸ್ತಾನದ ಸ್ಪಿನ್ನರ್ ಸಕ್ಲೇನ್ ಮುಷ್ತಾಕ್ ವಿಕೆಟ್ ಮೇಲೆ ವಿಕೆಟ್ ತೆಗೆದರು. ಅದರಲ್ಲಿ ಕೆಲವು ನೋಬಾಲ್ ಎಂದು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಇಂಗ್ಲೆಂಡ್ ಸೋತಿತು. ತಪ್ಪಿಸಿಕೊಂಡಿದ್ದು ಶೆಪರ್ಡ್ ಕಣ್ಣು. ಅದೂ ಅವರದೇ ದೇಶದಲ್ಲಿ, ಅವರು ಮೊದಲ ಟೆಸ್ಟ್‌ಗೆ ನಿಂತ ಅದೇ ಮೈದಾನದಲ್ಲಿ. ಇನ್ನು ಸಾಕು, ಬಿಟ್ಟುಬಿಡುತ್ತೇನೆ ಎನ್ನುವಷ್ಟು ಕುಗ್ಗಿಹೋದರು. ಸುತ್ತಲಿನವರು ಧೈರ್ಯ ಹೇಳಿ ಉಳಿಸಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಅಂಪೈರ್‌ಗಳ ಎಲೈಟ್ ಪ್ಯಾನೆಲ್ ಮಾಡಿದಾಗ ಮೊದಲ ಎಂಟು ಜನರಲ್ಲಿ ಅವರಿದ್ದರು, ನಮ್ಮ ವೆಂಕಟರಾಘವನ್ ಕೂಡ. 2005ರವರೆಗೆ ನಿಂತರು. ನನಗೆ ಅವರ ಮೂರು ಫೈನಲ್‌ಗಿಂತ ಆ ಟೆಸ್ಟ್ ಆದಮೇಲಿನ ನಾಲ್ಕು ವರ್ಷವೇ ದೊಡ್ಡದಾಗಿ ಕಾಣುತ್ತದೆ. ಪ್ರತಿ ಚೆಂಡಿಗೂ ಆ ಗೆರೆ ಕಣ್ಣಿಗೆ ಬೀಳುತ್ತದಲ್ಲ, ಅದನ್ನು ನೋಡುತ್ತಾ ನಿಲ್ಲಬೇಕಲ್ಲ.

ಅವರು ತೀರಿಕೊಂಡಿದ್ದು 2009ರ ಅಕ್ಟೋಬರ್‌ನಲ್ಲಿ. ಅದರ ಮುಂದಿನ ತಿಂಗಳೇ ಟೆಸ್ಟ್ ಕ್ರಿಕೆಟ್‌ಗೆ ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡುವ ಪದ್ಧತಿ, ಅಧಿಕೃತವಾಗಿ ಬಂತು. 2020ರ ಆಗಸ್ಟ್‌ನಲ್ಲಿ ಟೆಸ್ಟ್ ಪಂದ್ಯದಲ್ಲಿ ಮೊದಲ ಸಲ ಮುಂಗಾಲಿನ ನೋಬಾಲ್ ನೋಡುವ ಕೆಲಸವನ್ನು ಟಿವಿ ಮುಂದೆ ಕೂರುವ ಮೂರನೇ ಅಂಪೈರ್‌ಗೆ ಕೊಟ್ಟರು. ಯಾವ ಪಂದ್ಯ ಗೊತ್ತಾ? ಇಂಗ್ಲೆಂಡ್–ಪಾಕಿಸ್ತಾನ, ಓಲ್ಡ್ ಟ್ರಾಫರ್ಡ್. ಅಜ್ಜನಿಗೆ ಹೇಳಿದೆ. "ತಡವಾಯಿತು" ಎಂದು ಪೈಪು ಕೊಡವಿದರು.

ನಮ್ಮ ಮೂರನೇ ತಂಡಕ್ಕೆ ಮೂರನೇ ಅಂಪೈರ್ ಎಲ್ಲಿಂದ ಬರಬೇಕು? ಮೊನ್ನೆ ಶನಿವಾರ ಬೌಲರ್ ತುದಿಯಲ್ಲಿ ನಿಂತಿದ್ದೆ. ಸ್ಕೋರ್ 111. ಬೌಂಡರಿ ಪಕ್ಕದ ಬೆಂಚಿನಲ್ಲಿ ನಾಲ್ಕೈದು ಜೊತೆ ಕಾಲು ಒಟ್ಟಿಗೆ ಮೇಲೆದ್ದವು. ಎಲ್ಲರ ಕಣ್ಣೂ ನನ್ನ ಮೇಲೆ, ಇವನು ಕುಪ್ಪಳಿಸುತ್ತಾನಾ ಎಂದು. ಕುಪ್ಪಳಿಸಿದರೆ ಗೆರೆ ನೋಡುವುದು ಹೇಗೆ? ನನಗೆ ಶೆಪರ್ಡ್ ಅವರಷ್ಟು ಅಭ್ಯಾಸವಿಲ್ಲ. ಬೂಟಿನೊಳಗೆ ಎರಡೂ ಹೆಬ್ಬೆರಳನ್ನು ಮೇಲೆತ್ತಿ ಗಟ್ಟಿಯಾಗಿ ನಿಂತೆ.

ಬೌಲರ್ ಓಡಿ ಬಂದ. ಪಾದ ಬಿತ್ತು. ಪೂರ್ತಿ ಗೆರೆ ಆಚೆ.

"ನೋಬಾಲ್!"

"ಎಷ್ಟಿತ್ತು ಅಂಪ್?" ಎಂದ. ಎರಡು ಬೆರಳ ನಡುವೆ ಸಂದು ಮಾಡಿ ತೋರಿಸಿದೆ. ಸ್ಕೋರ್‌ಬೋರ್ಡ್ ಹತ್ತಿರದ ಹುಡುಗಿ ಎದ್ದು ತಗಡು ಬದಲಿಸಿ 112 ಮಾಡುವವರೆಗೂ ನನ್ನ ಹೆಬ್ಬೆರಳು ಮೇಲೇ ಇದ್ದವು.