ಹೆಂಗಸರ ಗಾಲ್ಫ್ ಯಾರು ನೋಡ್ತಾರೆ ಮಾರಾಯ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಕೆಲಸ ಮಾಡುದು ಸ್ಪೋರ್ಟ್ಸ್ ಮಾರ್ಕೆಟಿಂಗ್‌ನಲ್ಲಿ, ಆಫೀಸು ಬೆಂಗಳೂರಲ್ಲಿ, ಲ್ಯಾಪ್‌ಟಾಪ್ ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಮನೆ ಚಾವಡಿಯಲ್ಲಿ. ಗಾಲ್ಫ್ ಟೂರ್ನಮೆಂಟ್‌ಗಳ ಪ್ರಚಾರದ ಕೆಲಸ ಆಗಾಗ ಬರ್ತದೆ, ಅದರಲ್ಲೂ ಹೆಂಗಸರ ಗಾಲ್ಫಿನದ್ದು. ಇದು ಗೊತ್ತಾದ ಕೂಡ್ಲೆ, ಮದುವೆಮನೆ ಆಗಲಿ ಸೊಸೈಟಿ ಬ್ಯಾಂಕಿನ ಕ್ಯೂ ಆಗಲಿ, ಪ್ರಶ್ನೆ ಒಂದೇ: "ಅಲ್ಲ ಮಾರಾಯ, ಗಂಡಸರ ಗಾಲ್ಫೇ ನಮ್ಮಲ್ಲಿ ಯಾರೂ ನೋಡುದಿಲ್ಲ, ಇನ್ನು ಹೆಂಗಸರದ್ದು ಯಾರು ನೋಡ್ತಾರೆ? ಅದಕ್ಕೆ ನೀನು ಜನ ಸೇರಿಸುದು ಹೇಗೆ?"

ನನ್ನ ಉತ್ತರ ಇಷ್ಟು: ಜನ ಬಂದಿದ್ರು. ವಾಪಸ್ ಕಳಿಸಿದ್ದು ನಾವೇ.

2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್. ಅದೇ ದಿನ ಸಾಯಂಕಾಲ ನೀರಜ್ ಚೋಪ್ರಾ ಚಿನ್ನ ಗೆದ್ದ ಕಾರಣ ಬೆಳಿಗ್ಗೆ ಆದದ್ದು ತುಂಬ ಜನಕ್ಕೆ ಮರೆತೇ ಹೋಗಿದೆ. ಬೆಂಗಳೂರಿನ ಅದಿತಿ ಅಶೋಕ್, ಆಗ ವರ್ಲ್ಡ್ ರ್ಯಾಂಕಿಂಗ್‌ನಲ್ಲಿ 200ನೇ ಜಾಗದಲ್ಲಿದ್ದವಳು, ಮೆಡಲ್ ರೇಸಲ್ಲಿ ಕೊನೆ ಹೋಲ್ (ಚೆಂಡು ಬೀಳಿಸ್ಬೇಕಾದ ಗುಂಡಿ, ಒಂದು ರೌಂಡಿಗೆ 18) ತನಕ ಇದ್ದಳು. ಕೊರೊನಾ ಸಮಯ, ಎಲ್ಲರೂ ಮನೆಯಲ್ಲೇ. ನಾನು ಫೋನಲ್ಲಿ ನೋಡ್ತಾ ಇದ್ದೆ, ದೊಡ್ಡಮ್ಮ ನೀರುದೋಸೆ ಎರೆಯುತ್ತಾ ಇದ್ರು, ಎಂತದಾ ಅದು ಅಂತ ಕೇಳಿದ್ದಕ್ಕೆ ನಾನು ಪಾರ್ ಬರ್ಡಿ ಎಲ್ಲ ವಿವರಿಸ್ಲಿಕ್ಕೆ ಹೊರಟೆ, ಅವರಿಗೆ ಅದು ಯಾವುದೂ ಬೇಡ. ಕಡೆಗೆ "ಆ ಹುಡುಗಿಯ ಚೀಲ ಹೊತ್ಕೊಂಡು ಹಿಂದೆ ಹಿಂದೆ ಹೋಗ್ತಾ ಇದ್ದಾರಲ್ಲ, ಅದು ಅವಳ ಅಮ್ಮ" ಅಂದೆ ನೋಡಿ, ದೊಡ್ಡಮ್ಮ ಗ್ಯಾಸ್ ಆಫ್ ಮಾಡಿ ಬಂದು ಪಕ್ಕದಲ್ಲಿ ಕೂತ್ರು. ರಿಯೋದಲ್ಲಿ ಅಪ್ಪ ಕ್ಯಾಡಿ, ಟೋಕಿಯೋದಲ್ಲಿ ಅಮ್ಮ. ಮಳೆ ಗುಡುಗು ಅಂತ ಆಟ ಮಧ್ಯದಲ್ಲಿ ನಿಂತಾಗ "ಇನ್ನು ಶುರು ಯಾವಾಗ" ಅಂತ ಕೇಳಿದ್ದು ನಾನಲ್ಲ, ಅವರು. ಅದಿತಿಯ ನಾಲ್ಕು ದಿನದ ಹೊಡೆತ 67, 66, 68, 68, ಒಟ್ಟು 15 ಅಂಡರ್, ಅಂದ್ರೆ ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ (ಪಾರ್) 15 ಕಮ್ಮಿ. ನೆಲ್ಲಿ ಕೋರ್ಡಾ 17 ಅಂಡರ್ ಮಾಡಿ ಚಿನ್ನ, ಮೋನೆ ಇನಾಮಿ ಮತ್ತು ಲಿಡಿಯಾ ಕೋ 16. ಒಂದೇ ಒಂದು ಹೊಡೆತಕ್ಕೆ ಕಂಚು ತಪ್ಪಿ ನಾಲ್ಕನೇ ಸ್ಥಾನ.

ಆ ಬೆಳಿಗ್ಗೆ ಗಾಲ್ಫ್ ಅಂದ್ರೆ ಎಂತ ಅಂತ ಗೊತ್ತಿಲ್ಲದವರೂ ದೇಶ ಇಡೀ ಪಟ್ (ಗುಂಡಿ ಹತ್ತಿರದ ಮೆಲ್ಲನೆ ಹೊಡೆತ) ಹೇಗೆ ತಿರುಗ್ತದೆ ಅಂತ ಚರ್ಚೆ ಮಾಡಿದ್ರು. ಅದಾಗಿ ಎರಡು ವಾರದೊಳಗೆ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಹೆಂಗಸರ ಮೇಜರ್, ಅಂದ್ರೆ ವರ್ಷದ ಅತಿ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಒಂದು, ಇತ್ತು. ಅದಿತಿಯನ್ನು ಮೆಚ್ಚಿದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಯಾವ ಚಾನಲ್, ಎಷ್ಟು ಗಂಟೆಗೆ ಅಂತ ಹೇಳುವವರು ಯಾರಿದ್ರು? ನಮ್ಮ ಫೀಲ್ಡಿನವರು ಮಾಡಿದ್ದು ಅಭಿನಂದನೆ ಪೋಸ್ಟರ್. ಚಂದದ ಪೋಸ್ಟರೇ, ಆದ್ರೆ ಮುಂದಿನ ಆಟ ಯಾವಾಗ ಅಂತ ಒಂದು ಲೈನು ಕೂಡ ಇರ್ಲಿಲ್ಲ ಅದರಲ್ಲಿ.

ಕೊರಿಯಾದವರು ಬಂದವರನ್ನು ಬಿಡ್ಲಿಲ್ಲ. 1998ರಲ್ಲಿ ಪಾಕ್ ಸೆ ರಿ ಅಂತ 20 ವರ್ಷದ ಹುಡುಗಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಯುಎಸ್ ವಿಮೆನ್ಸ್ ಓಪನ್ ಪ್ಲೇಆಫ್ (ಸ್ಕೋರ್ ಸಮ ಆದಾಗ ಮತ್ತೆ ಆಡುದು), ಚೆಂಡು ನೀರಿನ ಅಂಚಿಗೆ ಹೋಗಿ ಕೂತಿದೆ. ಅವಳು ಶೂ ಸಾಕ್ಸ್ ಬಿಚ್ಚಿ ನೀರಿಗೆ ಇಳಿದು ಹೊಡೆದಳು. ಕಾಲೆಲ್ಲ ಬಿಸಿಲಿಗೆ ಕಪ್ಪಾಗಿ ಸಾಕ್ಸ್ ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ ಇತ್ತು, ಎಷ್ಟು ಪ್ರಾಕ್ಟೀಸ್ ಮಾಡಿರ್ಬಹುದು ಅಂತ ಆ ಪಾದ ನೋಡಿದ್ರೇ ಗೊತ್ತಾಗ್ತಿತ್ತು. ಆಗ ಕೊರಿಯಾ ಆರ್ಥಿಕ ಬಿಕ್ಕಟ್ಟಲ್ಲಿ ಒದ್ದಾಡ್ತಿದ್ದ ದೇಶ, ಆ ದೃಶ್ಯ ಅವರ ಮನಸ್ಸಿಗೆ ಅಂಟಿತು. ಅದನ್ನು ಟಿವಿಯಲ್ಲಿ ನೋಡಿದ 9 ವರ್ಷದ ಪಾರ್ಕ್ ಇನ್‌ಬೀ ಗಾಲ್ಫ್ ಶುರು ಮಾಡಿ, 10 ವರ್ಷದ ನಂತರ 2008ರಲ್ಲಿ ಅದೇ ಯುಎಸ್ ಓಪನ್ ಗೆದ್ದಳು, 2016ರಲ್ಲಿ ಒಲಿಂಪಿಕ್ ಚಿನ್ನ. ಬರೀ ಆ ದೃಶ್ಯದಿಂದ ಎಲ್ಲ ಆಯ್ತು ಅಂತ ತಿಳ್ಕೊಳ್ಬೇಡಿ. ಅಲ್ಲಿ ಹೆಂಗಸರ ಟೂರ್‌ಗೆ (ವರ್ಷ ಇಡೀ ನಡೆಯುವ ಟೂರ್ನಮೆಂಟ್‌ಗಳ ಸಾಲು) ಕಂಪೆನಿಗಳು ದುಡ್ಡು ಹಾಕಿದ್ವು, ಗಾಲ್ಫ್ ಚಾನಲ್‌ಗಳು ತೋರಿಸಿದ್ವು, ಒಬ್ಬೊಬ್ಬ ಆಟಗಾರ್ತಿಗೂ ಫ್ಯಾನ್ ಕ್ಲಬ್, ಜಾಗ ಇಲ್ಲದವರಿಗೆ ಬಿಲ್ಡಿಂಗ್ ಒಳಗೆ ಪರದೆಗೆ ಚೆಂಡು ಹೊಡೆದು ಆಡುವ ಸ್ಕ್ರೀನ್ ಗಾಲ್ಫ್. ಈಗ ಅಲ್ಲಿ ಗಂಡಸರ ಟೂರಿಗಿಂತ ಹೆಂಗಸರ ಟೂರೇ ಜನಪ್ರಿಯ. ಹಾಗಾಗಿ "ಹೆಂಗಸರದ್ದು ಯಾರು ನೋಡ್ತಾರೆ" ಅಂತ ಕೇಳುವವರಿಗೆ ನಾನು ಮೊದಲು ಕೊರಿಯಾ ತೋರಿಸುದು.

ಟಿವಿಯ ತೊಂದರೆ ಬೇರೆಯೇ ಉಂಟು, ನನ್ನ ಪ್ರಕಾರ ಇದೇ ದೊಡ್ಡದು. ಕ್ರಿಕೆಟ್‌ನಲ್ಲಿ ನಮ್ಮ ಟೀಮು ಯಾವಾಗಲೂ ಸ್ಕ್ರೀನ್ ಮೇಲೆ ಇರ್ತದೆ, ಸೋಲುವಾಗಲೂ ಇರ್ತದೆ. ಗಾಲ್ಫಲ್ಲಿ ನೂರಕ್ಕೂ ಹೆಚ್ಚು ಜನ ಬೇರೆ ಬೇರೆ ಹೋಲ್‌ನಲ್ಲಿ ಒಟ್ಟಿಗೆ ಆಡ್ತಾ ಇರ್ತಾರೆ, ಕ್ಯಾಮೆರಾ ಇರುದು ಲೀಡ್‌ನಲ್ಲಿ ಇರುವವರ ಹಿಂದೆ. ನಮ್ಮವಳು 30ನೇ ಸ್ಥಾನದಲ್ಲಿದ್ರೆ ನಾಲ್ಕು ದಿನ ಕೂತು ನೋಡಿದ್ರೂ ಮುಖ ಕಾಣ್ಲಿಕ್ಕಿಲ್ಲ, ಫೋನಲ್ಲಿ ಸ್ಕೋರ್ ರಿಫ್ರೆಶ್ ಮಾಡ್ತಾ ಕೂರುದೇ. ಹೀಗಿದ್ದು ಫ್ಯಾನ್ ಹುಟ್ಟುದು ಹೇಗೆ? ಸಾಲದ್ದಕ್ಕೆ ಅಮೆರಿಕದಲ್ಲೇ ವರ್ಷಗಟ್ಟಲೆ ಎಲ್‌ಪಿಜಿಎ (ಅಮೆರಿಕದ ಹೆಂಗಸರ ಗಾಲ್ಫ್ ಟೂರ್) ಆಟಗಳನ್ನು ಎಷ್ಟೋ ಸಲ ಲೈವ್ ತೋರಿಸದೆ ತಡವಾಗಿ ಟೇಪ್ ಹಾಕಿದ್ದಾರೆ, ಗೆದ್ದವಳು ಯಾರಂತ ಫೋನಲ್ಲಿ ಬಂದ ಮೇಲೆ ಟಿವಿಯಲ್ಲಿ ಆಟ! ಆಮೇಲೆ ವ್ಯೂಯರ್‌ಶಿಪ್ ಕಮ್ಮಿ ಅಂತ ಅವರೇ ಹೇಳುದು.

ನನ್ನ ಕೈಗೆ ಕೊಟ್ರೆ ಒಬ್ಬಳು ಆಟಗಾರ್ತಿಯ ಹಿಂದೆ ಒಂದು ಕ್ಯಾಮೆರಾ, ಅಷ್ಟೇ ಸಾಕು, ಮೊಬೈಲ್ ಕ್ಯಾಮೆರಾ ಆದ್ರೂ ಆಗ್ತದೆ. ಮೈಸೂರಿನ ಪ್ರಣವಿ ಅರಸ್ ಉಂಟು, ಎಡಗೈಯಲ್ಲಿ ಆಡುವ ದೀಕ್ಷಾ ಡಾಗರ್ ಉಂಟು. ದೀಕ್ಷಾಗೆ ಕಿವಿ ಸರಿಯಾಗಿ ಕೇಳುದಿಲ್ಲ, ಅಂಥವರಿಗಾಗಿಯೇ ಇರುವ ಡೆಫ್ಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವಳು, ಒಲಿಂಪಿಕ್ಸೂ ಆಡಿದವಳು, ಯುರೋಪಿಯನ್ ಟೂರ್‌ನಲ್ಲಿ 2019ರಲ್ಲಿ ಸೌತ್ ಆಫ್ರಿಕಾ ಓಪನ್ ಮತ್ತೆ 2023ರಲ್ಲಿ ಚೆಕ್ ಓಪನ್ ಗೆದ್ದವಳು. ಇದನ್ನು ಮಾರ್ಲಿಕ್ಕೆ ಏಜೆನ್ಸಿ ಬೇಕಾ? ಹೇಳಿದ್ರೆ ಸಾಕಲ್ವಾ?

ಹೇಳುವ ಭಾಷೆ ಯಾವುದು ಅನ್ನುದೂ ಮುಖ್ಯ. 2008ರಲ್ಲಿ ಎಲ್‌ಪಿಜಿಎ ಒಂದು ರೂಲ್ ತರ್ಲಿಕ್ಕೆ ಹೊರಟಿತ್ತು, ಆಟಗಾರ್ತಿಯರು ಇಂಗ್ಲಿಷ್ ಮಾತಾಡ್ಲಿಕ್ಕೆ ಕಲಿಯಬೇಕು, ಇಲ್ಲಾಂದ್ರೆ ಸಸ್ಪೆಂಡ್, ಸ್ಪಾನ್ಸರ್‌ಗಳಿಗೆ ಮಾತಾಡ್ಲಿಕ್ಕೆ ಬೇಕಂತೆ. ಆಗ ಟೂರ್‌ನಲ್ಲಿ ಕೊರಿಯಾದವರೇ 40ಕ್ಕೂ ಹೆಚ್ಚು ಜನ. ಎಲ್ಲ ಕಡೆಯಿಂದ ಬೈಗುಳ ಬಿದ್ದು ಕೆಲವೇ ದಿನದಲ್ಲಿ ರೂಲ್ ವಾಪಸ್ ತಗೊಂಡ್ರು. ಆಫೀಸಿಂದ ಬರುವ ಕಾಗದ ಮಲಯಾಳದಲ್ಲೇ ಯಾಕೆ ಅಂತ ಕೇಳಿ ಕೇಳಿ ಸುಸ್ತಾದ ಕಾಸರಗೋಡಿನ ಕನ್ನಡದವರಿಗೆ ಇದನ್ನು ಹೆಚ್ಚು ವಿವರಿಸ್ಬೇಕಿಲ್ಲ. ನೋಡುವವರ ಭಾಷೆಯಲ್ಲಿ ಆಟ ಮುಟ್ಟಿಸುದು ಟೂರಿನ ಕೆಲಸ, ಅದನ್ನು ತಗೊಂಡು ಹೋಗಿ ಆಡುವವಳ ತಲೆ ಮೇಲೆ ಹಾಕಿದ್ರೆ ಹೇಗೆ? ಕಬಡ್ಡಿಗೆ ಕನ್ನಡ ಕಾಮೆಂಟರಿ ಬಂದ ಮೇಲೆ ನಮ್ಮ ಮನೆಯಲ್ಲಿ ನೋಡುವವರು ಜಾಸ್ತಿ ಆದ್ರು, ಗಾಲ್ಫಿಗೆ ಮಾತ್ರ ಇಂಗ್ಲಿಷಲ್ಲೇ ಪಿಸುಗುಟ್ಟಬೇಕು ಅಂತ ಯಾರು ಹೇಳಿದ್ದು?

ಇನ್ನು ದುಡ್ಡು. ಇದನ್ನು ಹಿರಿಯರಿಗೆ ಅರ್ಥ ಮಾಡಿಸುದು ಸುಲಭ. ಯಕ್ಷಗಾನದ ಹರಕೆ ಆಟಕ್ಕೆ ಮೇಳಕ್ಕೆ ದುಡ್ಡು ಕೊಡುದು ಆಡಿಸುವ ಮನೆಯವರು, ಗದ್ದೆಯಲ್ಲಿ ಕೂತು ನೋಡುವ ಊರಿನವರಿಗೆ ಫ್ರೀ. ಹೆಂಗಸರ ಗಾಲ್ಫ್ ನಡೆಯುದೂ ಹೆಚ್ಚುಕಡಿಮೆ ಹಾಗೇ, ಟಿಕೆಟ್ಟಿನ ದುಡ್ಡಲ್ಲಿ ಅಲ್ಲ, ಸ್ಪಾನ್ಸರ್ ದುಡ್ಡಲ್ಲಿ. ಸ್ಪಾನ್ಸರ್‌ಗೆ ಅದರಲ್ಲಿ ಸಿಗುವ ದೊಡ್ಡ ಲಾಭ ಪ್ರೊ-ಆಮ್, ಅಂದ್ರೆ ಟೂರ್ನಮೆಂಟಿನ ಮೊದಲು ಅವರ ಗೆಸ್ಟ್‌ಗಳು ಆಟಗಾರ್ತಿಯ ಜೊತೆ ಒಂದು ರೌಂಡ್ ಆಡುದು. ಬೆಂಗಳೂರಲ್ಲಿ ನಾನು ನೋಡಿದ ಒಂದು ಪ್ರೊ-ಆಮ್‌ನಲ್ಲಿ ಟೈಲ್ಸ್ ಡೀಲರ್ ಒಬ್ರು, ಹೊಡೆದದ್ದೆಲ್ಲ ಪೊದೆಗೆ, ಮೋರೆ ಸಪ್ಪೆ. ಗ್ರೀನ್‌ನಲ್ಲಿ, ಅಂದ್ರೆ ಗುಂಡಿ ಸುತ್ತದ ನುಣುಪು ಹುಲ್ಲಲ್ಲಿ, ಜೊತೆಗೆ ಆಡ್ತಿದ್ದ ಆಟಗಾರ್ತಿ ಹುಡುಗಿ ಅವರ ಹಿಂದೆ ಕುಕ್ಕರಗಾಲಲ್ಲಿ ಕೂತು, "ಸರ್, ಹೋಲ್ ನೋಡ್ಬೇಡಿ, ಆ ಕಂದು ಹುಲ್ಲು ಕಾಣ್ತದಲ್ಲ, ಅಲ್ಲಿಗೆ ಹೊಡೀರಿ" ಅಂತ ಹೇಳಿದಳು. ಚೆಂಡು ಬಲಕ್ಕೆ ಹೋಗಿ ತಿರುಗಿ ಬಂದು ಒಳಗೆ ಬಿತ್ತು. ಆ ಮನುಷ್ಯ ಈಗಲೂ ಅವಳ ಸ್ಕೋರ್ ಸ್ಕ್ರೀನ್‌ಶಾಟ್ ತೆಗ್ದು ನನಗೆ ವಾಟ್ಸಾಪ್ ಮಾಡ್ತಾರೆ, ಕೆಲವು ಸಲ ರಾತ್ರಿ ಎರಡು ಗಂಟೆಗೆ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿದ ಹೋರ್ಡಿಂಗ್ ನೋಡಿ ಹೀಗೆ ಅಂಟಿಕೊಂಡವರು ನನಗೆ ಇನ್ನೂ ಸಿಕ್ಕಿಲ್ಲ.

ಇದು ಹೊಸತೂ ಅಲ್ಲ. 1950ರಲ್ಲಿ 13 ಜನ ಹೆಂಗಸರು ಸೇರಿ ಎಲ್‌ಪಿಜಿಎ ಕಟ್ಟಿದಾಗ ಕಾರಲ್ಲಿ ಊರಿಂದ ಊರಿಗೆ ಹೋಗುದು, ಲೆಕ್ಕಪತ್ರ, ಪ್ರಚಾರ ಎಲ್ಲ ಅವರದ್ದೇ. ಜನರನ್ನು ನಗಿಸಿ ಹಿಡಿದಿಡ್ಲಿಕ್ಕೆ ಬೇಬ್ ಜಹಾರಿಯಾಸ್ ಇದ್ದಳು, 1932ರ ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್‌ಗೆ ಎರಡು ಚಿನ್ನ ಗೆದ್ದು ಮತ್ತೆ ಗಾಲ್ಫಿಗೆ ಬಂದವಳು. ಈಗ ಬಹುಮಾನದ ಹಣ ಬೆಳೆದಿದೆ, 2024ರ ಯುಎಸ್ ವಿಮೆನ್ಸ್ ಓಪನ್‌ಗೆ 1.2 ಕೋಟಿ ಡಾಲರ್, ಅದೇ ವರ್ಷ ಗಂಡಸರದ್ದಕ್ಕೆ 2.15 ಕೋಟಿ. ವ್ಯತ್ಯಾಸ ಉಂಟು, ಆದ್ರೆ "ಸಮಾನತೆಗಾಗಿ ನೋಡಿ" ಅಂತ ಹೇಳಿ ಜನ ಸೇರಿಸ್ಲಿಕ್ಕೆ ಹೋಗುದು ನನಗೆ ಸರಿ ಕಾಣುದಿಲ್ಲ, ಕರ್ತವ್ಯ ಅಂತ ಬಂದವರು ಎರಡನೇ ಹೋಲ್‌ಗೇ ಎದ್ದು ಹೋಗ್ತಾರೆ. ಚಂದದ ಫೋಟೋ ಹಾಕಿ ಮಾರುವ ಐಡಿಯಾ ಇನ್ನೂ ಹಳತು, ಫೋಟೋ ನೋಡಿದವನು ಫೋಟೋವನ್ನೇ ನೋಡುದು, ಆಟಕ್ಕೆ ಬರುದಿಲ್ಲ.

ಗಾಲ್ಫ್ ಆಡುವ ಅಂಕಲ್‌ಗಳಿಗೆ ನಾನು ಹೇಳುದು ಬೇರೆ: ಗಂಡಸರ ಟೂರ್‌ನಲ್ಲಿ 300 ಗಜ ಹೊಡೆಯುದು ನೋಡಿ ನಿಮಗೆ ಎಂತ ಉಪಯೋಗ, ನಿಮ್ಮ ಸ್ವಿಂಗ್ ಸ್ಪೀಡು ಎಲ್‌ಪಿಜಿಎ ಆಟಗಾರ್ತಿಯರ ಸ್ಪೀಡಿಗೇ ಹತ್ತಿರ, ಅವರನ್ನು ನೋಡಿದ್ರೆ ನಿಮ್ಮ ಆಟವಾದ್ರೂ ಸುಧಾರಿಸ್ತದೆ. ಮಂಗಳೂರಿನ ಪಿಲಿಕುಳದ ಗಾಲ್ಫ್ ಕೋರ್ಸಿಗೆ ಹೋಗುವ ಪರಿಚಯದವರೊಬ್ರು ಈ ಮಾತಿಗೇ ಬಿದ್ದದ್ದು.

"ಸರಿ, ನೋಡುವ, ಎಲ್ಲಿಂದ ಶುರು ಮಾಡುದು" ಅಂತ ಕೇಳುವವರೂ ಇದ್ದಾರೆ. ಅಮೆರಿಕದ ಆಟಕ್ಕೆ ನಿದ್ದೆ ಬಿಡ್ಬೇಡಿ, ಮುಗಿಯುವಾಗ ನಮಗೆ ನಡುರಾತ್ರಿ ದಾಟಿರ್ತದೆ. ಟೂರ್ ಏಷ್ಯಾಕ್ಕೆ ಬರುವಾಗ ಹಿಡೀರಿ, ಫೆಬ್ರವರಿ-ಮಾರ್ಚಲ್ಲಿ ಥಾಯ್ಲೆಂಡ್, ಸಿಂಗಾಪುರ, ಮಳೆಗಾಲ ಕಳೆದ ಮೇಲೆ ಕೊರಿಯಾ, ಜಪಾನ್, ಎಲ್ಲ ನಮ್ಮ ಹಗಲಿಗೇ ಬರ್ತದೆ. ಗುರುವಾರ ಶುಕ್ರವಾರ ಬಿಡಿ, ಭಾನುವಾರ ಕೊನೆಯ ಒಂಬತ್ತು ಹೋಲ್ ಸಾಕು, ಒಬ್ಬಳನ್ನು ಆರಿಸಿ ಅವಳ ಹಿಂದೆ ಮಾತ್ರ ಹೋಗಿ. ಸ್ಕೋರ್ ಮೈನಸ್ ಇದ್ದಷ್ಟೂ ಒಳ್ಳೇದು, ಅಷ್ಟು ಗೊತ್ತಿದ್ರೆ ಆಯ್ತು, ಉಳಿದದ್ದಕ್ಕೆ ನನಗೆ ಫೋನ್ ಮಾಡಿ.