ಏಂಜೆಲಿಕ್ ಕೆರ್ಬರ್: ಎದುರಾಳಿಯ ವೇಗವನ್ನೇ ಬಂಡವಾಳ ಮಾಡಿಕೊಂಡ ಆಟ

2016ರ ಜನವರಿ 30ರ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಮುಂದೆ ಕುಳಿತಾಗ, ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಗೆಲ್ಲುತ್ತಾರೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಮೆಲ್ಬರ್ನ್‌ನಲ್ಲಿ ಅದುವರೆಗೆ ಆಡಿದ್ದ ಆರು ಫೈನಲ್‌ಗಳನ್ನೂ ಅವರು ಗೆದ್ದಿದ್ದರು. ಇನ್ನೊಂದು ಗೆದ್ದರೆ ಸ್ಟೆಫಿ ಗ್ರಾಫ್ ಅವರ 22 ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳ) ಪ್ರಶಸ್ತಿಗಳ ಸಾಲಿಗೆ ಬಂದು ನಿಲ್ಲುತ್ತಿದ್ದರು. ಎದುರಿಗಿದ್ದವರು ಗ್ರಾಫ್ ಅವರ ದೇಶವಾದ ಜರ್ಮನಿಯವರೇ ಆದ, 28ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಗ್ರ್ಯಾಂಡ್ ಸ್ಲಾಮ್ ಫೈನಲ್ ತಲುಪಿದ್ದ ಏಂಜೆಲಿಕ್ ಕೆರ್ಬರ್. ಎರಡು ಗಂಟೆಗೂ ಮೀರಿ ನಡೆದ ಆ ಪಂದ್ಯದ ಕೊನೆಯಲ್ಲಿ ಸೆರೆನಾ ಅವರ ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆದ ಹೊಡೆತ) ಅಂಕಣದಾಚೆ ಬಿದ್ದಾಗ ಕೆರ್ಬರ್ ರ‍್ಯಾಕೆಟ್ ಬಿಟ್ಟು ಬೆನ್ನ ಮೇಲೆ ಮಲಗಿಬಿಟ್ಟರು. 6-4, 3-6, 6-4. 1999ರಲ್ಲಿ ಗ್ರಾಫ್ ಪ್ಯಾರಿಸ್‌ನಲ್ಲಿ ಗೆದ್ದ ನಂತರ ಜರ್ಮನಿಗೆ ದೊರೆತ ಮೊದಲ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಅದು. ಅಂದಿನಿಂದ ನಾನು ಅವರ ಆಟವನ್ನು ಬಿಡದೆ ನೋಡುತ್ತ ಬಂದೆ.

ಕೆರ್ಬರ್ ಹುಟ್ಟಿದ್ದು 1988ರಲ್ಲಿ ಬ್ರೆಮೆನ್‌ನಲ್ಲಿ, ಬೆಳೆದದ್ದು ಉತ್ತರ ಜರ್ಮನಿಯ ಕೀಲ್ ನಗರದಲ್ಲಿ. ತಂದೆ ತಾಯಿ ಪೋಲೆಂಡ್ ಮೂಲದವರು. ಪೋಜ್ನಾನ್ ಸಮೀಪದ ಪುಷ್ಚಿಕೋವೊ ಎಂಬ ಊರಿನಲ್ಲಿ ಅಜ್ಜನ ಟೆನಿಸ್ ಕೇಂದ್ರವಿದ್ದುದರಿಂದ ವರ್ಷಗಳ ಕಾಲ ಅವರ ಅಭ್ಯಾಸ ಅಲ್ಲಿಯೇ ನಡೆಯಿತು. ಉಳಿದ ಕೆಲಸಗಳಿಗೆಲ್ಲ ಬಲಗೈ ಬಳಸುವ ಅವರು ಟೆನಿಸ್ ಆಡುತ್ತಿದ್ದುದು ಮಾತ್ರ ಎಡಗೈಯಲ್ಲಿ.

ಅವರನ್ನು ಕೇವಲ ರಕ್ಷಣಾತ್ಮಕ ಆಟಗಾರ್ತಿ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಸರ್ವ್‌ನಲ್ಲಿ ಬಲ ಕಡಿಮೆಯಿತ್ತು, ಎರಡನೆಯ ಸರ್ವ್ ಅಂತೂ ಎದುರಾಳಿಗಳಿಗೆ ಆಹ್ವಾನ ಕೊಟ್ಟಂತೆ ಇರುತ್ತಿತ್ತು, ನಿಜ. ಆದರೆ ಎದುರಾಳಿ ಬೇಸ್‌ಲೈನಿನ (ಅಂಕಣದ ಹಿಂಬದಿಯ ಗೆರೆಯ) ಹತ್ತಿರಕ್ಕೆ ಆಳವಾಗಿ, ಕೆಳಮಟ್ಟದಲ್ಲಿ, ಪೂರ್ತಿ ಬಲದಿಂದ ಹೊಡೆದ ಚೆಂಡನ್ನು ನೋಡಿ ಅವರು ಹಿಂದೆ ಸರಿಯುತ್ತಿರಲಿಲ್ಲ. ಇದ್ದಲ್ಲಿಯೇ ಒಂದು ಮೊಣಕಾಲು ನೆಲ ಮುಟ್ಟುವಷ್ಟು ಕೆಳಗೆ ಕುಳಿತು, ಚೆಂಡು ಮೇಲೇಳುವ ಮೊದಲೇ ಅದನ್ನು ರ‍್ಯಾಕೆಟ್‌ಗೆ ತೆಗೆದುಕೊಂಡು, ಬಂದ ವೇಗದಲ್ಲಿಯೇ ಪಕ್ಕದ ಗೆರೆಗುಂಟ ಹಿಂದಿರುಗಿಸುತ್ತಿದ್ದರು. ಹೊಡೆದವರು ಇನ್ನೂ ತಮ್ಮ ಹೊಡೆತ ಮುಗಿಸಿ ನೆಟ್ಟಗಾಗುವಷ್ಟರಲ್ಲಿ ಚೆಂಡು ಅವರನ್ನು ದಾಟಿ ಹೋಗಿರುತ್ತಿತ್ತು. ವಾರಾಂತ್ಯದಲ್ಲಿ ಗೆಳೆಯರೊಡನೆ ಟೆನಿಸ್ ಆಡುವ ನನಗೆ, ಹಾಗೆ ಕುಳಿತು ಹೊಡೆದು ಮರುಕ್ಷಣವೇ ಎದ್ದು ಮತ್ತೊಂದು ಬದಿಗೆ ಓಡಲು ತೊಡೆಗಳಲ್ಲಿ ಎಂಥ ಕಸುವಿರಬೇಕು ಎಂಬುದು ಗೊತ್ತು. ಅವರು ಅದನ್ನು ಮೂರನೆಯ ಸೆಟ್‌ನ ಕೊನೆಯಲ್ಲಿಯೂ ಮಾಡುತ್ತಿದ್ದರು.

ಈ ಆಟ ಫಲ ಕೊಡಲು ಬಹಳ ಕಾಲ ಹಿಡಿಯಿತು. 2003ರಲ್ಲಿ ವೃತ್ತಿಪರರಾದ ಕೆರ್ಬರ್ 2011ರ ಮಧ್ಯಭಾಗದಲ್ಲಿ ಸೋಲಿನ ಮೇಲೆ ಸೋಲು ಕಾಣುತ್ತಿದ್ದರು. ಅದೇ ಬೇಸಿಗೆಯಲ್ಲಿ ಜರ್ಮನಿಯ ಇನ್ನೊಬ್ಬ ಆಟಗಾರ್ತಿ ಆಂಡ್ರಿಯಾ ಪೆಟ್ಕೊವಿಚ್ ಅವರೊಂದಿಗೆ ಆಫೆನ್‌ಬಾಖ್‌ನ ಅಕಾಡೆಮಿಯಲ್ಲಿ ದೈಹಿಕ ಕ್ಷಮತೆಯ ಮೇಲೆ ಶ್ರಮಪಟ್ಟು, ಕೆಲವೇ ವಾರಗಳ ನಂತರ 92ನೆಯ ರ‍್ಯಾಂಕಿನ ಆಟಗಾರ್ತಿಯಾಗಿ ಅಮೆರಿಕನ್ ಓಪನ್ ಸೆಮಿಫೈನಲ್ ತಲುಪಿದರು. ಮರುವರ್ಷ ಮೊದಲ ಎರಡು ಪ್ರಶಸ್ತಿಗಳು, ವಿಂಬಲ್ಡನ್ ಸೆಮಿಫೈನಲ್. ನಂತರದ ಎರಡು ವರ್ಷಗಳಲ್ಲಿ ಉನ್ನತ ರ‍್ಯಾಂಕ್‌ನಲ್ಲಿ ಉಳಿದರೂ ದೊಡ್ಡ ಗೆಲುವು ಸಿಗಲಿಲ್ಲ. 2015ರಲ್ಲಿ ಲಾಸ್ ವೇಗಸ್‌ಗೆ ಹೋಗಿ ಗ್ರಾಫ್ ಅವರೊಂದಿಗೆ ಅಭ್ಯಾಸ ನಡೆಸಿ ಬಂದ ಮೇಲೆ ಚಾರ್ಲ್‌ಸ್ಟನ್, ಸ್ಟುಟ್‌ಗಾರ್ಟ್, ಬರ್ಮಿಂಗ್‌ಹ್ಯಾಮ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಗೆದ್ದರು.

ಮೆಲ್ಬರ್ನ್‌ನ ಆ ಫೈನಲ್ ನಡೆಯದೆಯೇ ಹೋಗಬಹುದಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊದಲ ಸುತ್ತಿನಲ್ಲಿಯೇ ಜಪಾನಿನ ಮಿಸಾಕಿ ಡೊಯಿ ಎದುರು ಮೊದಲ ಸೆಟ್ ಕಳೆದುಕೊಂಡ ಕೆರ್ಬರ್, ಎರಡನೆಯ ಸೆಟ್‌ನ ಟೈಬ್ರೇಕ್‌ನಲ್ಲಿ (6-6 ಸಮವಾದ ಸೆಟ್ ಅನ್ನು ನಿರ್ಧರಿಸುವ ಆಟದಲ್ಲಿ) ಮ್ಯಾಚ್ ಪಾಯಿಂಟ್ ಎದುರಿಸಿದರು. ಆ ಒಂದು ಪಾಯಿಂಟ್ ಡೊಯಿ ಪಾಲಾಗಿದ್ದರೆ ಕೆರ್ಬರ್ ಅಂದೇ ವಿಮಾನ ಹತ್ತಬೇಕಿತ್ತು. ಅಲ್ಲಿಂದ ಬದುಕಿಕೊಂಡು, ಅದುವರೆಗೆ ಒಮ್ಮೆಯೂ ಸೋಲಿಸಲಾಗದಿದ್ದ ವಿಕ್ಟೋರಿಯಾ ಅಜರೆಂಕಾ ಅವರನ್ನು ಕ್ವಾರ್ಟರ್‌ಫೈನಲ್‌ನಲ್ಲಿ ಮಣಿಸಿ, ಫೈನಲ್ ಗೆದ್ದು, ಕೊಟ್ಟ ಮಾತಿನಂತೆ ಮೆಲ್ಬರ್ನ್‌ನ ಯಾರಾ ನದಿಗೆ ಹಾರಿದರು.

ಆ ವರ್ಷ ಅವರದ್ದೇ ಆಯಿತು, ಆದರೆ ನೇರ ದಾರಿಯಲ್ಲಿ ಅಲ್ಲ. ಫ್ರೆಂಚ್ ಓಪನ್‌ನಲ್ಲಿ ಮೊದಲ ಸುತ್ತಿನಲ್ಲಿಯೇ ಸೋತರು. ವಿಂಬಲ್ಡನ್ ಫೈನಲ್‌ನಲ್ಲಿ ಸೆರೆನಾ ಎದುರು ಸೋತರು. ಮೆಲ್ಬರ್ನ್‌ನಲ್ಲಿ ತಡೆದಿದ್ದ ಆ 22ನೆಯ ಪ್ರಶಸ್ತಿ ಅಲ್ಲಿ ಸೆರೆನಾ ಅವರ ಕೈಸೇರಿತು. ರಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಪೋರ್ಟೊರಿಕೊದ ಮೋನಿಕಾ ಪುಯಿಗ್ ಎದುರು ಸೋತು ಬೆಳ್ಳಿಗೆ ತೃಪ್ತರಾಗಬೇಕಾಯಿತು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕರೋಲಿನಾ ಪ್ಲಿಸ್ಕೋವಾ ಅವರನ್ನು 6-3, 4-6, 6-4ರಿಂದ ಸೋಲಿಸಿ ಅಮೆರಿಕನ್ ಓಪನ್ ಗೆದ್ದಾಗ, ಸತತ 186 ವಾರ ಅಗ್ರಸ್ಥಾನದಲ್ಲಿದ್ದ ಸೆರೆನಾ ಅವರನ್ನು ಹಿಂದಿಕ್ಕಿ ವಿಶ್ವದ ಒಂದನೆಯ ರ‍್ಯಾಂಕಿಗೇರಿದರು. ಮಹಿಳಾ ಟೆನಿಸ್‌ನಲ್ಲಿ ಅದುವರೆಗೆ ಅಷ್ಟು ದೊಡ್ಡ ವಯಸ್ಸಿನಲ್ಲಿ ಯಾರೂ ಮೊದಲ ಬಾರಿಗೆ ಆ ಸ್ಥಾನ ತಲುಪಿರಲಿಲ್ಲ. ಒಟ್ಟು 34 ವಾರ ಅವರು ಅಲ್ಲಿದ್ದರು.

2017ರಲ್ಲಿ ಒಂದು ಪ್ರಶಸ್ತಿಯೂ ಬರಲಿಲ್ಲ. ಹಾಲಿ ಚಾಂಪಿಯನ್ ಆಗಿ ಕಾಲಿಟ್ಟ ನ್ಯೂಯಾರ್ಕ್‌ನಲ್ಲಿ ಮೊದಲ ಪಂದ್ಯದಲ್ಲಿಯೇ ನವೊಮಿ ಒಸಾಕಾ ಎದುರು ಸೋತು, ವರ್ಷಾಂತ್ಯಕ್ಕೆ ಅಗ್ರ ಇಪ್ಪತ್ತರಿಂದಲೂ ಹೊರಬಿದ್ದರು. ಬಹುಕಾಲದ ತರಬೇತುದಾರ ಟಾರ್ಬೆನ್ ಬೆಲ್ಟ್ಸ್ ಅವರಿಂದ ಬೇರೆಯಾಗಿ ಬೆಲ್ಜಿಯಂನ ವಿಮ್ ಫಿಸೆಟ್ ಅವರ ಬಳಿ ಅಭ್ಯಾಸ ಶುರುಮಾಡಿದರು. 2018ರ ಜುಲೈ 14ರಂದು ವಿಂಬಲ್ಡನ್ ಫೈನಲ್‌ನಲ್ಲಿ ಮತ್ತೆ ಎದುರಾದವರು ಸೆರೆನಾ. ಕೆರ್ಬರ್ 6-3, 6-3ರಿಂದ ಗೆದ್ದರು. ನನಗೆ ಅಂಕಗಳಿಗಿಂತ ಹೆಚ್ಚು ನೆನಪಿರುವುದು, ಇಡೀ ಪಂದ್ಯದಲ್ಲಿ ಅವರು ತಾವಾಗಿ ಮಾಡಿದ ತಪ್ಪುಗಳು ಬರಿಯ ಐದು ಎಂಬುದು. ಅವರ ಆಟದಲ್ಲಿ ನಾನು ಕಂಡ ಅತ್ಯಂತ ಶುದ್ಧವಾದ ಒಂದು ಗಂಟೆ ಅದು. 1996ರ ಗ್ರಾಫ್ ನಂತರ ವಿಂಬಲ್ಡನ್ ಗೆದ್ದ ಮೊದಲ ಜರ್ಮನ್ ಮಹಿಳೆ ಅವರಾದರು.

ಮುಂದೆ ಸುಮಾರು ಮೂರು ವರ್ಷ ಪ್ರಶಸ್ತಿಗಳಿಲ್ಲ. 2021ರಲ್ಲಿ ತಮ್ಮದೇ ದೇಶದ ಬಾಡ್ ಹೋಂಬುರ್ಗ್‌ನ ಹುಲ್ಲಿನಂಕಣದಲ್ಲಿ ಗೆದ್ದು, ಅದರ ಬೆನ್ನಲ್ಲೇ ವಿಂಬಲ್ಡನ್ ಸೆಮಿಫೈನಲ್ ತಲುಪಿ ಆಶ್ಲಿ ಬಾರ್ಟಿ ಅವರಿಗೆ ಸೋತರು. 2022ರ ಸ್ಟ್ರಾಸ್‌ಬೋರ್ಗ್ ಅವರ ಹದಿನಾಲ್ಕನೆಯ ಹಾಗೂ ಕೊನೆಯ ಪ್ರಶಸ್ತಿ. ತಾಯಿಯಾಗಿ 2024ರಲ್ಲಿ ಅಂಕಣಕ್ಕೆ ಮರಳಿದ ಅವರು, ಪ್ಯಾರಿಸ್ ಒಲಿಂಪಿಕ್ಸ್ ತಮ್ಮ ಕೊನೆಯ ಟೂರ್ನಿ ಎಂದು ಮೊದಲೇ ಪ್ರಕಟಿಸಿದರು.

ಅದು ನಡೆದದ್ದು ಫ್ರೆಂಚ್ ಓಪನ್ ನಡೆಯುವ ರೋಲಾಂ ಗ್ಯಾರೋದ ಮಣ್ಣಿನ ಮೇಲೆ. ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳ ಪೈಕಿ ಅವರು ಗೆಲ್ಲದೆ ಉಳಿದದ್ದು ಫ್ರೆಂಚ್ ಓಪನ್ ಒಂದೇ, ಅಲ್ಲಿ ಕ್ವಾರ್ಟರ್‌ಫೈನಲ್ ದಾಟಿದ್ದೇ ಇಲ್ಲ. ಮೊದಲ ಸುತ್ತಿನಲ್ಲಿ ಒಸಾಕಾ ಅವರನ್ನು ಸೋಲಿಸಿದರು, ಇನ್ನೆರಡು ಪಂದ್ಯ ಗೆದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ, ಮುಂದೆ ಚಿನ್ನ ಗೆಲ್ಲಲಿದ್ದ ಚೀನಾದ ಝೆಂಗ್ ಚಿನ್ವೆನ್ ಎದುರು ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಪಡೆದು, ಎರಡನೆಯದನ್ನು ಕಳೆದುಕೊಂಡು, ಮೂರನೆಯದನ್ನೂ ಟೈಬ್ರೇಕಿನವರೆಗೆ ಎಳೆದರು. ಮೂರು ಗಂಟೆ ದಾಟಿತ್ತು. ಮೂವತ್ತಾರು ವಯಸ್ಸಿನ ಕಾಲುಗಳು ಆಗಲೂ ಬಗ್ಗಿ ಕೂರುತ್ತಿದ್ದವು, ಏಳುತ್ತಿದ್ದವು. ಟೈಬ್ರೇಕ್ 8-6ಕ್ಕೆ ಝೆಂಗ್ ಪಾಲಾಯಿತು.