ಲೇತಿನ ಹೊಸ ಡಯಲ್
ತುಮಕೂರಿನ ನಮ್ಮ ಮನೆಯ ಹಿಂಬದಿಯ ಶೆಡ್ಡಿನಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಸಣ್ಣ ಲೇತ್ ಇದೆ. ಕತ್ತರಿಸುವ ಟೂಲನ್ನು ಅಡ್ಡಲಾಗಿ ಸರಿಸುವ ಅದರ ಕ್ರಾಸ್ ಸ್ಲೈಡಿನ ಸ್ಕ್ರೂವಿಗೆ ಇದ್ದ ಡಯಲಿನ, ಅಂದರೆ ಅಳತೆಯ ಗೆರೆಗಳಿರುವ ಬಿಲ್ಲೆಯ, ವ್ಯಾಸ 30 ಮಿ.ಮೀ. ಮಾತ್ರ. ಅದರ ಸುತ್ತ 100 ಗೆರೆಗಳಿದ್ದುದರಿಂದ ಗೆರೆಗಳ ನಡುವೆ ಒಂದು ಮಿಲಿಮೀಟರಿನಷ್ಟೂ ಅಂತರವಿರಲಿಲ್ಲ. ಸ್ಕ್ರೂವಿನ ಪಿಚ್, ಅಂದರೆ ಒಂದು ಸುತ್ತಿಗೆ ಸರಿಯುವ ದೂರ, 2 ಮಿ.ಮೀ.; ಒಂದು ಗೆರೆ ತಿರುಗಿಸಿದರೆ ಟೂಲ್ 0.02 ಮಿ.ಮೀ. ಮುಂದೆ ಸರಿದು, ಕಡೆಯುತ್ತಿರುವ ಶಾಫ್ಟಿನ (ದುಂಡು ಸರಳಿನ) ವ್ಯಾಸ ಎರಡೂ ಬದಿ ಸೇರಿ 0.04 ಮಿ.ಮೀ. ಇಳಿಯುತ್ತದೆ. ಬೇರಿಂಗ್ ಬಿಗಿಯಾಗಿ ಕೂರಬೇಕಾದ ಶಾಫ್ಟಿನಲ್ಲಿ ಅಷ್ಟು ವ್ಯತ್ಯಾಸವಾದರೆ ಅದು ಗುಜರಿಗೇ ಸೇರಬೇಕು.

ಆದ್ದರಿಂದ 60 ಮಿ.ಮೀ. ವ್ಯಾಸದ ಹೊಸ ಡಯಲನ್ನೂ, ಸ್ಕ್ರೂವಿನ ಹಿಂದುಮುಂದಿನ ಅಲುಗಾಟವನ್ನು ತಡೆಯುವ ಎರಡು ಥ್ರಸ್ಟ್ ಬೇರಿಂಗುಗಳಿಗೆ ಕೂರಲು ಒಂದು ಹೌಸಿಂಗನ್ನೂ (ಗೂಡನ್ನೂ) ಮಾಡಲು ನಿಶ್ಚಯಿಸಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಿಂದ ಎಂ.ಎಸ್. ರೌಂಡಿನ (ಮೆದು ಉಕ್ಕಿನ ದುಂಡು ಸರಳಿನ) ತುಂಡುಗಳನ್ನು ತಂದೆ. ಕ್ರಾಸ್ ಸ್ಲೈಡನ್ನು ಬಿಚ್ಚಿದ ಮೇಲೆ ಲೇತು ಕೆಲಸಕ್ಕೆ ಬಾರದು. ಹೀಗಾಗಿ ಭಾಗಗಳೆಲ್ಲವೂ ಹಳೆಯ ಡಯಲನ್ನೇ ನೆಚ್ಚಿಕೊಂಡು, ಬಿಚ್ಚುವ ಮೊದಲೇ ಸಿದ್ಧವಾಗಬೇಕಿತ್ತು.

ಥ್ರಸ್ಟ್ ಬೇರಿಂಗ್ ಹೊರುವುದು ಸ್ಕ್ರೂವಿನ ಉದ್ದಕ್ಕೆ ಬರುವ ಒತ್ತಡವನ್ನಷ್ಟೆ. ಆದಕಾರಣ ಅದು ಕೂರುವ ಮುಖವು ಹೌಸಿಂಗಿನ ರಂಧ್ರಕ್ಕೆ ಸರಿಯಾಗಿ ಲಂಬವಾಗಿರಬೇಕು. ಬೋರಿಂಗನ್ನೂ (ರಂಧ್ರ ಕಡೆಯುವುದನ್ನೂ) ಫೇಸಿಂಗನ್ನೂ (ಮುಖ ಸಮಗೊಳಿಸುವುದನ್ನೂ), ತುಂಡನ್ನು ಹಿಡಿದಿಡುವ ಚಕ್ಕಿನಿಂದ ತೆಗೆಯದೆ ಒಂದೇ ಹಿಡಿತದಲ್ಲಿ ಮುಗಿಸಿದೆ.

ನನಗೆ ಅತ್ಯಂತ ಪ್ರಿಯವಾದದ್ದು ಹೊಸ ಡಯಲಿಗೆ ಗೆರೆ ಹಾಕುವ ಕೆಲಸ. ಮೊದಲು ಪ್ಲಗ್ ಕಿತ್ತು ದೂರವಿಟ್ಟೆ, ಏಕೆಂದರೆ ಚಕ್ಕನ್ನು ತಿರುಗಿಸುವ ಸ್ಪಿಂಡಲನ್ನು ಲಾಕ್ ಮಾಡಿರುವಾಗ ಮೋಟರಿಗೆ ಕರೆಂಟು ಹೋಗುವ ಸಾಧ್ಯತೆಯೇ ಇರಬಾರದು. ಲೇತಿನ ಬದಲಿಸಬಹುದಾದ ಹಲ್ಲುಚಕ್ರಗಳಲ್ಲಿ 100 ಹಲ್ಲಿನ ಚೇಂಜ್ ಗೇರೊಂದನ್ನು ಸ್ಪಿಂಡಲಿನ ಹಿಂತುದಿಗೆ ಬಿಗಿದು, ಹಲ್ಲುಗಳ ಸಂದಿಗೆ ಕಚ್ಚುವಂತೆ ಸ್ಪ್ರಿಂಗ್ ಪಟ್ಟಿಯೊಂದನ್ನು ಅಳವಡಿಸಿದೆ. ಮೊನಚಾದ ಟೂಲನ್ನು ಮಗ್ಗುಲಾಗಿ, ಸೆಂಟರಿನ ಎತ್ತರಕ್ಕೆ ಸರಿಯಾಗಿ ಹಿಡಿಸಿ, ಸ್ಪಿಂಡಲ್ ನಿಂತಿರುವಾಗಲೇ ಟೂಲನ್ನು ಹೊತ್ತು ಉದ್ದಕ್ಕೆ ಸರಿಯುವ ಕ್ಯಾರೇಜನ್ನು ಕೈಯಿಂದ ಸರಿಸಿದರೆ ಒಂದು ಗೆರೆ ಮೂಡುತ್ತದೆ. ಒಂದು ಹಲ್ಲು ದಾಟಿಸಿದರೆ ಮುಂದಿನ ಗೆರೆಯ ಜಾಗ ಬರುತ್ತದೆ. ಸಾಮಾನ್ಯ ಗೆರೆ 4 ಮಿ.ಮೀ., ಐದನೆಯದು 6, ಹತ್ತನೆಯದು 8 ಮಿ.ಮೀ. ಇರುವಂತೆ ಕ್ಯಾರೇಜನ್ನು ತಡೆಯುವ ಸ್ಟಾಪಿಗೆ ಎದುರಾಗಿ ಅಳತೆಯ ತುಂಡುಗಳನ್ನು ಇಡುತ್ತ ಹೋದೆ. ನೂರನೆಯ ಗೆರೆಯ ನಂತರ ಇನ್ನೊಂದು ಹಲ್ಲು ದಾಟಿಸಿದಾಗ ಟೂಲಿನ ಮೊನೆ ಮೊದಲ ಗೆರೆಯೊಳಗೇ ಬಂದು ನಿಂತದ್ದನ್ನು ಕಂಡು ಆದ ಸಂತೋಷ ಸಣ್ಣದಲ್ಲ. ಅಂಕಿಗಳನ್ನು ನಂಬರ್ ಪಂಚಿನಿಂದ ಹೊಡೆದು, ಎದ್ದ ಚೂರುಗಳನ್ನು ಎಮರಿ ಪೇಪರಿನಿಂದ ತೆಗೆದು, ಗೆರೆಗಳಿಗೆ ಕಪ್ಪು ಬಣ್ಣ ತುಂಬಿದೆ.

ಜೋಡಿಸಿದ ಮೇಲೆ ಸೂಕ್ಷ್ಮ ಚಲನೆಯನ್ನು ತೋರಿಸುವ ಡಯಲ್ ಗೇಜ್ ಇಟ್ಟು ಹಿಡಿಕೆಯನ್ನು ಎಳೆದು ತಳ್ಳಿ ನೋಡಿದರೆ ಸ್ಕ್ರೂವಿನಲ್ಲಿ ಕಣ್ಣಿಗೆ ಕಾಣುವಂಥ ಅಲುಗಾಟ ಉಳಿದಿರಲಿಲ್ಲ. ಸ್ಕ್ರೂ ಓಡಾಡುವ ಸವೆದ ನಟ್ಟಿನ ಪ್ಲೇ (ಸಡಿಲ) ಮಾತ್ರ ಹಾಗೆಯೇ ಇದೆ, ಅದನ್ನು ಬೇರಿಂಗ್ ಸರಿಪಡಿಸಲಾರದು. ಸದ್ಯಕ್ಕೆ ಯಾವಾಗಲೂ ಒಂದೇ ದಿಕ್ಕಿನಿಂದ ಡಯಲನ್ನು ಗೆರೆಗೆ ತರುತ್ತಿದ್ದೇನೆ, ಗನ್ ಮೆಟಲಿನ (ಒಂದು ಬಗೆಯ ಕಂಚಿನ) ಹೊಸ ನಟ್ಟಿಗೆ ಲೋಹವನ್ನೂ ತಂದಿಟ್ಟಿದ್ದೇನೆ.